ಜೋನ್ ಲಿಂಡ್ಸೆಯ ಕನಸು, ಕತ್ತರಿಸಿದ ಕೊನೆಯ ಅಧ್ಯಾಯ: ತೆಗೆದದ್ದು ಸರಿಯೇ?

ಶಾಲ್ಮಲಾ
ನಮ್ಮ ಓದುಗರ ಬಳಗದಲ್ಲಿ ಈ ತಿಂಗಳು ಆಸ್ಟ್ರೇಲಿಯಾದ ಜೋನ್ ಲಿಂಡ್ಸೆ ಬರೆದ ‘ಪಿಕ್ನಿಕ್ ಆಟ್ ಹ್ಯಾಂಗಿಂಗ್ ರಾಕ್’ ಓದಿದೆವು. ಚರ್ಚೆ ಎರಡು ಬಣವಾಗಿ ಒಡೆದು ಹಾಗೇ ನಿಂತಿದೆ. ನಿಮ್ಮೆಲ್ಲರ ಅಭಿಪ್ರಾಯ ಬೇಕು.

ಓದದವರಿಗಾಗಿ ಎರಡು ಮಾತು. 1900ರ ಫೆಬ್ರವರಿ 14, ಪ್ರೇಮಿಗಳ ದಿನ. ವಿಕ್ಟೋರಿಯಾ ಪ್ರಾಂತ್ಯದ ಒಂದು ವಸತಿ ಶಾಲೆಯ ಹುಡುಗಿಯರು ಹ್ಯಾಂಗಿಂಗ್ ರಾಕ್ ಎಂಬ ಬಂಡೆಗುಡ್ಡದ ಬುಡಕ್ಕೆ ವನಭೋಜನಕ್ಕೆ ಹೋಗುತ್ತಾರೆ. ನಡುಹಗಲಿಗೆ ಗಾಡಿಯವನ ಗಡಿಯಾರವೂ ಗಣಿತದ ಟೀಚರ್ ಗಡಿಯಾರವೂ ಹನ್ನೆರಡಕ್ಕೆ ನಿಂತುಬಿಡುತ್ತವೆ. ಊಟವಾಗಿ ಎಲ್ಲರೂ ತೂಕಡಿಸುತ್ತಿರುವಾಗ ನಾಲ್ವರು ಹುಡುಗಿಯರು ಮೇಲೆ ಹತ್ತುತ್ತಾರೆ. ಒಬ್ಬಳು ಕಿರುಚುತ್ತಾ ಓಡಿ ಬರುತ್ತಾಳೆ. ಇನ್ನೊಬ್ಬಳು ಕೆಲವು ದಿನಗಳ ನಂತರ ಸಿಗುತ್ತಾಳೆ, ಅವಳಿಗೆ ಏನೂ ನೆನಪಿಲ್ಲ. ಉಳಿದ ಇಬ್ಬರು ಮತ್ತು ಗಣಿತದ ಟೀಚರ್ ಸಿಗುವುದೇ ಇಲ್ಲ. ಏಕೆ, ಹೇಗೆ ಎಂದು ಪುಸ್ತಕ ಹೇಳುವುದೂ ಇಲ್ಲ.

ಲಿಂಡ್ಸೆ ಈ ಕಥೆ ತನಗೆ ಕನಸಿನಲ್ಲಿ ಬಂದದ್ದು ಎಂದಿದ್ದರು. ರಾತ್ರಿ ಕನಸು, ಬೆಳಿಗ್ಗೆ ಎದ್ದು ಬರವಣಿಗೆ, ಮರುರಾತ್ರಿ ಕನಸಿನ ಮುಂದುವರಿದ ಭಾಗ. ಕೆಲವೇ ವಾರಗಳಲ್ಲಿ ಪುಸ್ತಕ ಮುಗಿಯಿತು. ಆಗ ಅವರಿಗೆ ಹೆಚ್ಚುಕಡಿಮೆ ಎಪ್ಪತ್ತು ವರ್ಷ. ಆದರೆ ಅವರು ಬರೆದುಕೊಟ್ಟ ಹಸ್ತಪ್ರತಿಯಲ್ಲಿ ಹದಿನೆಂಟನೆಯ ಅಧ್ಯಾಯ ಒಂದಿತ್ತು. ಹುಡುಗಿಯರಿಗೆ ಏನಾಯಿತು ಎಂದು ಅದರಲ್ಲಿ ಬರೆದಿದ್ದರು. ಪ್ರಕಾಶನ ಸಂಸ್ಥೆಯ ಸಂಪಾದಕಿ ಸಾಂಡ್ರಾ ಫೋರ್ಬ್ಸ್ ಅದನ್ನು ತೆಗೆಯಲು ಸಲಹೆ ಕೊಟ್ಟರು, ಲೇಖಕಿ ಒಪ್ಪಿದರು. 1967ರಲ್ಲಿ ಪುಸ್ತಕ ಹಾಗೆಯೇ ಬಂತು. ತೆಗೆದ ಅಧ್ಯಾಯ ಅಚ್ಚಾದದ್ದು 1987ರಲ್ಲಿ, ಲಿಂಡ್ಸೆ ತೀರಿಕೊಂಡ ಮೇಲೆ.

ನನ್ನ ಪ್ರಶ್ನೆ ಇದು: ಕನಸಿನಿಂದ ಬಂದ ಕೃತಿಗೆ ಎಚ್ಚರದಲ್ಲಿ ಕತ್ತರಿ ಹಾಕಬಹುದೇ? ನನಗಂತೂ ತೆಗೆದದ್ದು ತಪ್ಪು ಅನ್ನಿಸುತ್ತದೆ.

ಹಳೇ ಟಾಕೀಸು
ನಾನು ಪುಸ್ತಕಕ್ಕಿಂತ ಮೊದಲು ನೋಡಿದ್ದು ಪೀಟರ್ ವಿಯರ್ 1975ರಲ್ಲಿ ಮಾಡಿದ ಸಿನಿಮಾ. ಛಾಯಾಗ್ರಾಹಕ ರಸೆಲ್ ಬಾಯ್ಡ್ ಮದುವಣಗಿತ್ತಿಯ ಮುಸುಕಿನ ಬಟ್ಟೆಯನ್ನು ಲೆನ್ಸಿನ ಮುಂದೆ ಕಟ್ಟಿ ಚಿತ್ರೀಕರಿಸಿದರು. ಬೆಳಕು ಜೇನಿನ ಬಣ್ಣಕ್ಕೆ ತಿರುಗಿದ್ದು ಅದರಿಂದ. ಆ ಕೆಲಸಕ್ಕೆ ಬಾಫ್ಟಾ ಪ್ರಶಸ್ತಿಯೂ ಬಂತು. ಜಾರ್ಜೆ ಜಾಮ್‌ಫಿರ್ ನುಡಿಸಿದ ಪ್ಯಾನ್ ಕೊಳಲು ಬೇರೆ. ಮಂಪರು ಎಂದರೇನು ಎಂದು ತೆರೆಯ ಮೇಲೆ ತೋರಿಸಿದ ಸಿನಿಮಾಗಳಲ್ಲಿ ಇದಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಉತ್ತರ ಹೇಳಿದ್ದರೆ ಆ ಗುಂಗು ಉಳಿಯುತ್ತಿರಲಿಲ್ಲ. ಸಂಪಾದಕಿಗೆ ನನ್ನ ಪೂರ್ತಿ ಮತ.

ಓದುಗ 72
ಆ ಹದಿನೆಂಟನೆಯ ಅಧ್ಯಾಯದಲ್ಲಿ ಇರುವುದಾದರೂ ಏನು? ಅದು ಗೊತ್ತಾಗದೆ ಸರಿ ತಪ್ಪು ಹೇಗೆ ಹೇಳುವುದು?

ಶಾಲ್ಮಲಾ
ಹೇಳುತ್ತೇನೆ. ತಿಳಿಯುವುದು ಬೇಡ ಎನ್ನುವವರು ಈ ಉತ್ತರವನ್ನು ದಾಟಿ ಮುಂದೆ ಹೋಗಿ.

ಮಿರಾಂಡಾ, ಮೇರಿಯನ್, ಇರ್ಮಾ ಮೂವರೂ ಬಂಡೆಯ ಮೇಲೆ ನಿದ್ದೆ ಹೋಗಿ ಏಳುತ್ತಾರೆ. ಒಳ ಉಡುಪಿನಲ್ಲಿರುವ ಒಬ್ಬ ಹೆಂಗಸು ಎದುರಾಗುತ್ತಾಳೆ. ಅವಳು ತಮ್ಮ ಟೀಚರ್ ಎಂದು ಅವರಿಗೆ ಗುರುತು ಹತ್ತುವುದಿಲ್ಲ. ಹುಡುಗಿಯರು ಸೊಂಟ ಸಣ್ಣಗೆ ಕಾಣಲೆಂದು ಬಿಗಿದು ಕಟ್ಟಿದ ಕಾರ್ಸೆಟ್‌ಗಳನ್ನು ಬಿಚ್ಚಿ ಬಂಡೆಯಂಚಿನಿಂದ ಎಸೆಯುತ್ತಾರೆ. ಅವು ಕೆಳಗೆ ಬೀಳುವುದಿಲ್ಲ! ನಡುಗಾಳಿಯಲ್ಲಿ ನಿಂತುಬಿಡುತ್ತವೆ. ಆಮೇಲೆ ಎದುರಿಗೆ ಒಂದು ರಂಧ್ರ ಕಾಣಿಸುತ್ತದೆ. ಅದು ನೆಲದಲ್ಲಿ ತೋಡಿದ್ದಲ್ಲ, ಬರಿಯ ಶೂನ್ಯದಲ್ಲೇ ಬಿದ್ದ ತೂತು. ಒಂದು ಹಾವು ಬಂಡೆಯ ಅಡಿಯ ಬಿಲದೊಳಗೆ ಸರಿಯುತ್ತದೆ. ಟೀಚರ್ ಏಡಿಯಂಥ ಸಣ್ಣ ಜೀವಿಯಾಗಿ ಅದರ ಹಿಂದೆ ನುಗ್ಗುತ್ತಾಳೆ. ಮೇರಿಯನ್ ಹೋಗುತ್ತಾಳೆ, ಮಿರಾಂಡಾ ಹೋಗುತ್ತಾಳೆ. ಇರ್ಮಾಳ ಸರದಿ ಬರುವಷ್ಟರಲ್ಲಿ ಬಂಡೆ ಉರುಳಿ ಬಾಯಿ ಮುಚ್ಚುತ್ತದೆ. ಅವಳು ಬರಿಗೈಯಲ್ಲಿ ಬಂಡೆಯನ್ನು ಬಡಿಯುತ್ತಾಳೆ.

ಈಗ ಅಚ್ಚಾದ ಪುಸ್ತಕಕ್ಕೆ ಬನ್ನಿ. ಇರ್ಮಾ ಸಿಕ್ಕಾಗ ಅವಳ ಬರಿಗಾಲಿಗೆ ಒಂದು ಗೀರೂ ಇಲ್ಲ, ಕೈಯ ಉಗುರುಗಳು ಮಾತ್ರ ಮುರಿದಿವೆ. ಕಾರ್ಸೆಟ್ ಇಲ್ಲ. ಈ ಎಲ್ಲ ಸುಳಿವುಗಳನ್ನು ಲೇಖಕಿ ಸುಮ್ಮನೆ ಚೆಲ್ಲಿದ್ದಲ್ಲ, ಉತ್ತರ ಇಟ್ಟುಕೊಂಡೇ ಇಟ್ಟದ್ದು. ಉತ್ತರವನ್ನು ಕಿತ್ತು ಸುಳಿವುಗಳನ್ನು ಉಳಿಸಿದರೆ ಓದುಗರಿಗೆ ಮಾಡಿದ ಅನ್ಯಾಯವಲ್ಲವೇ?

ಓದುಗ 72
ಏಡಿಯೇ? ಸಂಪಾದಕಿ ಮಾಡಿದ್ದು ಪುಣ್ಯದ ಕೆಲಸ.

ಬೆಳಗಿನ ಜಾವ
ನಾನು ನಿದ್ರಾ ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ‘ಕನಸಿನಲ್ಲಿ ಇಡೀ ಕಾದಂಬರಿ ಬಂತು’ ಎಂಬ ಮಾತನ್ನು ಹಾಗೇ ಒಪ್ಪಲು ನನಗೆ ಕಷ್ಟ.

1953ರಲ್ಲಿ ಶಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಅವರು ಕಣ್ಣುಗುಡ್ಡೆ ವೇಗವಾಗಿ ಚಲಿಸುವ ನಿದ್ರೆಯ ಹಂತವನ್ನು ಗುರುತಿಸಿದ ಮೇಲೆ ಕನಸಿನ ಅಧ್ಯಯನ ಗಟ್ಟಿ ನೆಲದ ಮೇಲೆ ನಿಂತಿತು. ರಾತ್ರಿಯಲ್ಲಿ ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಈ ಹಂತ ಬರುತ್ತದೆ, ಬೆಳಗಾಗುತ್ತಾ ಅದರ ಅವಧಿ ಹೆಚ್ಚುತ್ತದೆ. ಆ ಹೊತ್ತಿನಲ್ಲಿ ಮಿದುಳಿನ ಮುಂಭಾಗದಲ್ಲಿರುವ, ತರ್ಕ ಮಾಡಿ ‘ಇದು ಹೇಗೆ ಸಾಧ್ಯ’ ಎಂದು ಕೇಳುವ ಭಾಗದ ಚಟುವಟಿಕೆ ತಗ್ಗಿರುತ್ತದೆ. ಹಾಗಾಗಿಯೇ ಗಾಳಿಯಲ್ಲಿ ನಿಂತ ಬಟ್ಟೆ ಕನಸಿನಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ನೆನಪನ್ನು ಭದ್ರಪಡಿಸುವ ವ್ಯವಸ್ಥೆಯೂ ಆಗ ದುರ್ಬಲ. ಎದ್ದ ಕೂಡಲೇ ಬರೆದಿಡದಿದ್ದರೆ ಕನಸು ಕರಗುತ್ತದೆ.

ಇಂಥ ಸ್ಥಿತಿಯಲ್ಲಿ ಪಾತ್ರಗಳ ಹೆಸರು, ಪೊಲೀಸ್ ಹೇಳಿಕೆ, ಪತ್ರಗಳು, ವೈದ್ಯರ ವರದಿ ಎಲ್ಲವೂ ಕ್ರಮವಾಗಿ ಬರುವುದು ಹೇಗೆ? ಕನಸು ಕೊಡುವುದು ಚಿತ್ರಗಳನ್ನು ಮತ್ತು ಭಾವದ ಒತ್ತಡವನ್ನು. ಕಥೆ ಕಟ್ಟುವುದು ಎಚ್ಚರದ ಮಿದುಳು. ಹಗಲೆಲ್ಲ ಬರೆದ ವಿಷಯವೇ ರಾತ್ರಿ ಕನಸಿಗೆ ಇಳಿಯುವುದು ಸಹಜ. ಹಾಗಾಗಿ ಕನಸು ಪುಸ್ತಕವನ್ನು ಬರೆಸಿದಷ್ಟೇ ಪುಸ್ತಕವೂ ಕನಸನ್ನು ತರಿಸಿರಬೇಕು.

ತುಂಗಾತೀರ
ಯಂತ್ರಕ್ಕೆ ತಂತಿ ಜೋಡಿಸಿ ನೋಡಿದರೆ ಎಲ್ಲವೂ ಸಿಗುವುದಿಲ್ಲ ಸ್ವಾಮಿ. ರಾಮಾನುಜನ್ ತಮ್ಮ ಗಣಿತಕ್ಕೆ ಮನೆದೇವತೆ ನಾಮಗಿರಿ ತಾಯಿಯೇ ಕಾರಣ ಎಂದು ನಂಬಿದ್ದರು, ಕನಸಿನಲ್ಲಿ ಸೂತ್ರಗಳು ಕಾಣಿಸುತ್ತವೆ ಎಂದೂ ಹೇಳುತ್ತಿದ್ದರು. ಸ್ಕಾಟ್ಲೆಂಡಿನ ಕಥೆಗಾರ ಸ್ಟೀವನ್ಸನ್ 1888ರಲ್ಲಿ ಕನಸಿನ ಕುರಿತು ಬರೆದ ಪ್ರಬಂಧದಲ್ಲಿ, ತಾನು ಮಲಗಿರುವಾಗ ಪುಟ್ಟ ಮಂದಿ ತನ್ನ ಅರ್ಧ ಕೆಲಸ ಮಾಡಿಕೊಡುತ್ತಾರೆ ಎಂದಿದ್ದಾನೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದದ್ದು ಸುಮ್ಮನೆಯೇ? ಅನುಭವಿಸಿದವರ ಮಾತಿಗೆ ಬೆಲೆ ಕೊಡಿ.

ಬೆಳಗಿನ ಜಾವ
ಬೆಲೆ ಕೊಡುತ್ತಿದ್ದೇನೆ, ಅದಕ್ಕೇ ವಿವರ ಕೇಳುತ್ತಿದ್ದೇನೆ. ಬೆಳಗಿನ ಜಾವದ ಕನಸು ಉದ್ದ, ಸ್ಪಷ್ಟ, ಅದರ ನಡುವೆಯೇ ಎಚ್ಚರವಾಗುವುದರಿಂದ ನೆನಪಿನಲ್ಲೂ ಉಳಿಯುತ್ತದೆ. ಅಜ್ಜಿಯರು ಆ ಹೊತ್ತಿನ ಕನಸನ್ನೇ ಬೇರೆಯಾಗಿ ಗುರುತಿಸಿದ್ದು ಸರಿಯಾದ ಗಮನಿಕೆ. ನಿಜವಾಗುತ್ತದೆ ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಸ್ಟೀವನ್ಸನ್ ಉದಾಹರಣೆ ನನ್ನ ಕಡೆಗೇ ಬರುತ್ತದೆ. ಅವನು ಬರವಣಿಗೆಯಿಂದಲೇ ಹೊಟ್ಟೆ ಹೊರೆಯುತ್ತಿದ್ದವನು, ಕಥೆ ಬೇಕು ಎಂಬ ತುರ್ತಿನಲ್ಲಿ ಮಲಗುತ್ತಿದ್ದವನು. ರಾಮಾನುಜನ್ ಎಚ್ಚರವಿದ್ದಷ್ಟು ಹೊತ್ತೂ ಸ್ಲೇಟಿನ ಮೇಲೆ ಗಣಿತವನ್ನೇ ಮಾಡುತ್ತಿದ್ದರು. ಗಣಿತ ತಿಳಿಯದವನ ಕನಸಿಗೆ ಸೂತ್ರ ಬಂದ ಉದಾಹರಣೆ ಇದ್ದರೆ ಕೊಡಿ.

ಮೆಲ್ಬರ್ನ್ ಕನ್ನಡತಿ
ಬಂಡೆಯನ್ನು ನೋಡಿದವಳಾಗಿ ಎರಡು ಮಾತು ಸೇರಿಸಬಹುದೇ?

ಮೆಲ್ಬರ್ನ್‌ನಿಂದ ವಾಯವ್ಯಕ್ಕೆ ಸುಮಾರು 70 ಕಿಲೋಮೀಟರ್. ಬೆಂಡಿಗೊ ಕಡೆಯ ರೈಲಿನಲ್ಲಿ ವುಡೆಂಡ್‌ನಲ್ಲಿ ಇಳಿದು ಅಲ್ಲಿಂದ ರಸ್ತೆ. ದೂರದಿಂದ ಅಂಥ ಎತ್ತರ ಅನ್ನಿಸುವುದಿಲ್ಲ. ಬಯಲಿನಿಂದ ಮೇಲಕ್ಕೆ ನೂರು ಮೀಟರಿನ ಆಸುಪಾಸು ಅಷ್ಟೇ. ಒಳಹೊಕ್ಕ ಮೇಲೆ ಗೊತ್ತಾಗುತ್ತದೆ ಅದರ ಸ್ವಭಾವ. ಬಂಡೆಗಳು ಒಂದರ ಪಕ್ಕ ಒಂದು ಕಂಬದ ಹಾಗೆ ನಿಂತಿವೆ, ನಡುವೆ ಓಣಿಗಳು. ಮುಂದೆ ಹೋದವರು ಎರಡು ತಿರುವು ದಾಟಿದರೆ ಕಣ್ಣಿಗೂ ಕಾಣುವುದಿಲ್ಲ, ದನಿಯೂ ಯಾವ ಕಡೆಯಿಂದ ಬಂತು ತಿಳಿಯುವುದಿಲ್ಲ. ನನ್ನ ಮಗ ಹತ್ತು ಹೆಜ್ಜೆ ಮುಂದಿದ್ದವನು ‘ಅಮ್ಮಾ’ ಎಂದು ಕೂಗಿದ್ದು ನನ್ನ ಬೆನ್ನ ಹಿಂದಿನಿಂದ ಕೇಳಿಸಿತು. ತಕ್ಷಣ ಓಡಿ ಹೋಗಿ ಅವನ ಕೈ ಹಿಡಿದುಕೊಂಡೆ. ಹೀಗಾಗುವುದಕ್ಕೆ ಕನಸೇ ಬೇಕಿಲ್ಲ, ಆ ಜಾಗವೇ ಸಾಕು.

ಜೋನ್ ಬಾಲ್ಯದಲ್ಲಿ ಹತ್ತಿರದ ಮೌಂಟ್ ಮಾಸಿಡನ್ ಕಡೆ ರಜೆಗೆ ಬರುತ್ತಿದ್ದರು. ಮೆಲ್ಬರ್ನ್‌ನ ಕ್ಲೈಡ್ ಎಂಬ ಬಾಲಕಿಯರ ಶಾಲೆಯಲ್ಲಿ ಓದಿದರು. 1919ರಲ್ಲಿ ಆ ಶಾಲೆ ವುಡೆಂಡ್‌ಗೇ ಸ್ಥಳಾಂತರಗೊಂಡಿತು. ಆಮೇಲೆ ಚಿತ್ರಕಲೆ ಕಲಿತರು. ಗಂಡ ಡ್ಯಾರಿಲ್ ಲಿಂಡ್ಸೆ 1956ರವರೆಗೆ ಇಲ್ಲಿನ ರಾಷ್ಟ್ರೀಯ ಚಿತ್ರಶಾಲೆಯ ನಿರ್ದೇಶಕರು. ಅದೇ ಚಿತ್ರಶಾಲೆಯ ಸಂಗ್ರಹದಲ್ಲಿ ವಿಲಿಯಂ ಫೋರ್ಡ್ 1875ರಲ್ಲಿ ಬರೆದ ಚಿತ್ರವೊಂದಿದೆ: ಹ್ಯಾಂಗಿಂಗ್ ರಾಕ್ ಬುಡದಲ್ಲಿ ವನಭೋಜನಕ್ಕೆ ಬಂದ ಜನ, ಮರಗಳ ಮತ್ತು ಬಂಡೆಗಳ ನಡುವೆ ಚಿಕ್ಕಚಿಕ್ಕವರಾಗಿ ಕಾಣುತ್ತಾರೆ. ಕನಸು ಬಂದದ್ದು ಎಲ್ಲಿಂದ ಎಂದು ಹುಡುಕುವವರು ಮೊದಲು ಆ ಚಿತ್ರದ ಮುಂದೆ ನಿಲ್ಲಬೇಕು.

ಶಾಲ್ಮಲಾ
ಈ ವಿವರ ಗೊತ್ತಿರಲಿಲ್ಲ, ಮೆಲ್ಬರ್ನ್ ಅಕ್ಕ. ಹಾಗಾದರೆ ಕಥೆ ನಿಜವಾಗಿ ನಡೆದದ್ದೇ ಎಂದು ಅಲ್ಲಿನ ಜನ ಈಗಲೂ ಕೇಳುತ್ತಾರೆಯೇ?

ಮೆಲ್ಬರ್ನ್ ಕನ್ನಡತಿ
ಕೇಳುತ್ತಾರೆ. ಬಂಡೆಯ ಮೇಲೆ ‘ಮಿರಾಂಡಾ’ ಎಂದು ಕೂಗುವವರು ಪ್ರತಿ ಸಲವೂ ಸಿಗುತ್ತಾರೆ. ಇದು ವಾಸ್ತವವೋ ಕಲ್ಪನೆಯೋ ಓದುಗರೇ ತೀರ್ಮಾನಿಸಬೇಕು ಎಂದು ಲೇಖಕಿ ಪುಸ್ತಕದ ಆರಂಭದಲ್ಲೇ ಬರೆದಿಟ್ಟು ಹೋಗಿದ್ದಾರಲ್ಲ. ಆದರೆ ಒಂದು ಸುಲಭ ಪರೀಕ್ಷೆ ಇದೆ. ಪುಸ್ತಕದಲ್ಲಿ 1900ರ ಫೆಬ್ರವರಿ 14 ಶನಿವಾರ. ನಿಜವಾದ ಪಂಚಾಂಗದಲ್ಲಿ ಅದು ಬುಧವಾರ.

ಹಳೇ ಟಾಕೀಸು
ಲೇಖಕಿಯ ಮದುವೆಯೂ ಫೆಬ್ರವರಿ 14ರಂದೇ, 1922ರಲ್ಲಿ, ಲಂಡನ್‌ನಲ್ಲಿ. ಆ ದಿನಾಂಕ ಅವರನ್ನು ಬಿಟ್ಟೇ ಇಲ್ಲ.

ಕಲ್ಲು ಮಣ್ಣು
ಭೂವಿಜ್ಞಾನ ಓದಿದವನು. ಹ್ಯಾಂಗಿಂಗ್ ರಾಕ್ ಸುಮಾರು 60 ಲಕ್ಷ ವರ್ಷಗಳ ಹಿಂದೆ ಉಕ್ಕಿದ ಬಲು ಮಂದವಾದ ಲಾವಾ. ಮಂದವಾದದ್ದು ದೂರ ಹರಿಯುವುದಿಲ್ಲ, ಬಾಯಿಯ ಸುತ್ತಲೇ ಗುಡ್ಡೆಯಾಗಿ ನಿಲ್ಲುತ್ತದೆ. ತಣಿದು ಕುಗ್ಗುವಾಗ ನೆಟ್ಟಗಿನ ಬಿರುಕುಗಳು ಬೀಳುತ್ತವೆ. ಆಮೇಲೆ ಮಳೆನೀರು ಆ ಬಿರುಕುಗಳಲ್ಲಿ ಇಳಿದು ಸವೆಸಿ ಸವೆಸಿ ಓಣಿಗಳನ್ನು ಮಾಡುತ್ತದೆ. ಮೆಲ್ಬರ್ನ್ ಮೇಡಂಗೆ ದನಿ ಹಿಂದಿನಿಂದ ಕೇಳಿಸಿದ್ದಕ್ಕೆ ಇದೇ ಕಾರಣ. ನೇರ ದನಿ ತಡೆಯಾಗಿ, ಗೋಡೆಗೆ ಬಡಿದು ಬಂದ ದನಿ ಮೊದಲು ತಲುಪಿದೆ. ಶಿಲೆಯಲ್ಲಿ ಕಬ್ಬಿಣದ ಅಂಶ ಇರುವುದು ನಿಜ, ಆದರೆ ‘ಬಂಡೆಯ ಅಯಸ್ಕಾಂತ ಗಡಿಯಾರ ನಿಲ್ಲಿಸಿತು’ ಎಂದು ವಿಡಿಯೊಗಳಲ್ಲಿ ಹೇಳುವುದೆಲ್ಲ ಬುರುಡೆ. ದಿಕ್ಸೂಚಿಯ ಮುಳ್ಳನ್ನು ತುಸು ಅಲುಗಿಸುವ ಶಿಲೆಗಳು ಎಷ್ಟೋ ಇವೆ, ಗಡಿಯಾರ ನಿಲ್ಲಿಸುವ ಶಕ್ತಿ ಬೇರೆಯೇ ಮಟ್ಟದ್ದು.

ಸಣ್ಣ ಮುಳ್ಳು
ಇದಕ್ಕೆ ನಾನು ಉತ್ತರಿಸಲೇಬೇಕು. ನಮ್ಮದು ತಂದೆಯ ಕಾಲದಿಂದ ಗಡಿಯಾರ ರಿಪೇರಿ ಅಂಗಡಿ. ಅಯಸ್ಕಾಂತ ಹಿಡಿದ ಕೀಲಿ ಗಡಿಯಾರಗಳು ಈಗಲೂ ಬರುತ್ತವೆ, ಬಹಳ ಸಲ ಸ್ಪೀಕರ್ ಪಕ್ಕ ಇಟ್ಟವು. ಹಿಂಬದಿಯ ಮುಚ್ಚಳ ತೆಗೆದು ಕಣ್ಣಿಗೆ ಭೂತಗಾಜು ಏರಿಸಿ ನೋಡಿದರೆ ಕೂದಲಿನಷ್ಟು ತೆಳುವಾದ ಸ್ಪ್ರಿಂಗ್ ಸುರುಳಿ ಇರುತ್ತದೆ. ಸರಿಯಿದ್ದರೆ ಸುರುಳಿಗಳ ನಡುವೆ ಸಮನಾದ ಅಂತರ, ಉಸಿರಾಡಿದ ಹಾಗೆ ಅಗಲವಾಗಿ ಕಿರಿದಾಗುತ್ತಿರುತ್ತದೆ. ಅಯಸ್ಕಾಂತ ಹಿಡಿದರೆ ಎರಡು ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಸ್ಪ್ರಿಂಗ್‌ನ ಉದ್ದ ಕಡಿಮೆಯಾದ ಹಾಗಾಗಿ ಗಡಿಯಾರ ವಿಪರೀತ ಮುಂದೆ ಓಡುತ್ತದೆ. ನಿಲ್ಲುವುದು ಅಪರೂಪ. ನಿಂತರೂ ಎರಡು ಗಡಿಯಾರ ಒಂದೇ ನಿಮಿಷಕ್ಕೆ ನಿಲ್ಲುವುದಿಲ್ಲ.

ಹಾಗಾಗಿ ಲೇಖಕಿ ಬರೆದದ್ದಕ್ಕೆ ಯಂತ್ರದ ಕಾರಣ ಹುಡುಕಬಾರದು. ಹನ್ನೆರಡು ಗಂಟೆಗೆ ಎರಡೂ ಮುಳ್ಳುಗಳು ಒಂದರ ಮೇಲೊಂದು ಕೂತು ಒಂದೇ ಆಗಿ ಕಾಣುತ್ತವೆ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಆ ಗಳಿಗೆಯನ್ನೇ ಆರಿಸಿಕೊಂಡದ್ದು ಜಾಣತನ.

ಹಳೇ ಟಾಕೀಸು
ಚೆನ್ನಾಗಿ ಹೇಳಿದಿರಿ. ಜೋನ್ ಲಿಂಡ್ಸೆ ತಮ್ಮ ಹತ್ತಿರ ಇದ್ದರೆ ಗಡಿಯಾರಗಳು ನಿಲ್ಲುತ್ತವೆ ಎಂದೇ ಹೇಳಿಕೊಳ್ಳುತ್ತಿದ್ದರು. 1962ರಲ್ಲಿ ಬಂದ ಅವರ ಆತ್ಮಕಥನದ ಹೆಸರೂ ‘ಟೈಮ್ ವಿದೌಟ್ ಕ್ಲಾಕ್ಸ್’. ಮಲ್ಬರಿ ಹಿಲ್ ಎಂಬ ತಮ್ಮ ಮನೆಯಲ್ಲಿ ಮದುವೆಯ ಆರಂಭದ ವರ್ಷಗಳನ್ನು ಕಳೆದ ಬಗೆ ಅದರಲ್ಲಿದೆ. ಕಾಲ ಸರಳರೇಖೆಯಲ್ಲಿ ಹೋಗುವುದಿಲ್ಲ, ಹಿಂದಿನದು ಮುಂದಿನದು ಎಲ್ಲವೂ ಸುತ್ತಲೇ ಇವೆ ಎಂಬುದು ಅವರ ನಂಬಿಕೆ. ಹ್ಯಾಂಗಿಂಗ್ ರಾಕ್ ಕಥೆಯ ಬೇರು ಅಲ್ಲಿದೆ.

ಇನ್ನೊಂದು ಪ್ರಸಂಗ. ಸಿನಿಮಾದಲ್ಲಿ ಮಿರಾಂಡಾ ಆಗಿ ನಟಿಸಿದ ಆನ್ ಲ್ಯಾಂಬರ್ಟ್ ಹೇಳಿಕೊಂಡಿರುವುದು. ಚಿತ್ರೀಕರಣದ ಜಾಗಕ್ಕೆ ಬಂದ ವೃದ್ಧೆ ಜೋನ್ ನೇರವಾಗಿ ಅವರ ಬಳಿ ಬಂದು ಅಪ್ಪಿಕೊಂಡು, ಮಿರಾಂಡಾ ಎಂದೇ ಕರೆದು, ಎಷ್ಟು ಕಾಲವಾಯಿತು ಎಂದರಂತೆ. ಕಣ್ಣಲ್ಲಿ ನೀರಿತ್ತಂತೆ.

ತುಂಗಾತೀರ
ಇದನ್ನು ಓದಿ ಮೈ ನವಿರೆದ್ದಿತು. ಈಗ ಹೇಳಿ ‘ಬೆಳಗಿನ ಜಾವ’ ಅವರೇ, ಇದೂ ಮಿದುಳಿನ ಮುಂಭಾಗವೇ?

ಬೆಳಗಿನ ಜಾವ
ಪ್ರೀತಿಸಿದ ಪಾತ್ರ ಕಣ್ಣೆದುರು ಬಂದು ನಿಂತರೆ ಯಾವ ಲೇಖಕಿಗಾದರೂ ಗಂಟಲು ಕಟ್ಟುತ್ತದೆ. ಅದನ್ನು ವಿವರಿಸಲು ನನಗೆ ಯಂತ್ರ ಬೇಕಿಲ್ಲ.

ನೇರ ಮಾತು
ಎಲ್ಲರೂ ಬಂಡೆಯ ರಹಸ್ಯ, ಕನಸು, ಗಡಿಯಾರ ಎನ್ನುತ್ತಿದ್ದೀರಿ. ಆ ಬಂಡೆ ಯಾರದು ಎಂದು ಇದುವರೆಗೆ ಒಬ್ಬರೂ ಕೇಳಲಿಲ್ಲ.

ಅದರ ಹಳೆಯ ಹೆಸರು ನ್ಗನ್ನೆಲಾಂಗ್. ಜಾ ಜಾ ವುರಂಗ್, ವೊಯಿ ವುರಂಗ್, ತೌಂಗುರಂಗ್ ಜನರ ನೆಲಗಳು ಕೂಡುವ ಜಾಗ, ಅವರು ಸೇರುತ್ತಿದ್ದ ಪವಿತ್ರ ಸ್ಥಳ. ಹತ್ತೊಂಬತ್ತನೆಯ ಶತಮಾನದಲ್ಲಿ ರೋಗ, ಕೊಲೆ, ನೆಲ ಕಸಿಯುವುದು ಎಲ್ಲವೂ ನಡೆದು, ಉಳಿದವರನ್ನು 1863ರಲ್ಲಿ ಸ್ಥಾಪಿಸಿದ ಕೊರಾಂಡರ್ಕ್‌ನಂಥ ಮೀಸಲು ನೆಲೆಗಳಿಗೆ ಸಾಗಿಸಿದರು. ಅಂದರೆ ಆ ಬಂಡೆಯಿಂದ ನಿಜವಾಗಿ ಕಣ್ಮರೆಯಾದವರು ಇದ್ದಾರೆ, ಅವರಿಗೆ ವಾರಸುದಾರರೂ ಇದ್ದಾರೆ. ಆದರೆ ಪ್ರವಾಸಿಗರು ಕೂಗುವುದು ಎಂದೂ ಹುಟ್ಟದ ಮಿರಾಂಡಾಳ ಹೆಸರನ್ನು! 2017ರಲ್ಲಿ ಏಮಿ ಸ್ಪಿಯರ್ಸ್ ಎಂಬ ಕಲಾವಿದೆ ‘ಮಿರಾಂಡಾ ಮಸ್ಟ್ ಗೋ’ ಎಂಬ ಅಭಿಯಾನವನ್ನೇ ಮಾಡಿದರು. ಪುಸ್ತಕದಲ್ಲಿ ಮೂಲನಿವಾಸಿ ಬರುವುದು ಕಳೆದುಹೋದವರ ಜಾಡು ಹಿಡಿಯುವ ಕೆಲಸಕ್ಕೆ ಮಾತ್ರ. ಕನಸು ಕೂಡ ಕಾಣುವವರ ವರ್ಗವನ್ನು, ಕಾಲವನ್ನು ಹೊತ್ತೇ ಬರುತ್ತದೆ. ನ್ಯಾಯಮೂರ್ತಿಯ ಮಗಳಾದ ಜೋನ್ ಅವರಿಗೆ ಬಿಳಿ ಮಸ್ಲಿನ್ ಉಟ್ಟ ಹುಡುಗಿಯರ ಕನಸು ಬಿತ್ತು.

ತುಂಗಾತೀರ
ಪ್ರತಿ ಪುಸ್ತಕವನ್ನೂ ಹೀಗೆ ಕಟಕಟೆಗೆ ಎಳೆದರೆ ಓದುವುದು ಯಾವಾಗ?

ಮೆಲ್ಬರ್ನ್ ಕನ್ನಡತಿ
ಇಲ್ಲ, ‘ನೇರ ಮಾತು’ ಹೇಳುತ್ತಿರುವುದು ಇಲ್ಲಿ ಬದುಕುವವರಿಗೆ ದಿನನಿತ್ಯದ ವಿಷಯ. ಹೊರಗಿನಿಂದ ಬಂದು ನೆಲೆಸಿದ ನಮಗೂ ಅದರಲ್ಲಿ ಪಾಲಿದೆ. ನನ್ನ ಮಗನ ಶಾಲೆಯಲ್ಲಿ ಪ್ರತಿ ಸಭೆಯ ಆರಂಭದಲ್ಲಿ ಆ ನೆಲದ ಮೂಲ ಜನರನ್ನು ಹೆಸರು ಹಿಡಿದು ನೆನೆಯುತ್ತಾರೆ. ಆದರೂ ಪುಸ್ತಕವನ್ನು ಬಿಡಬೇಕಿಲ್ಲ. ಕಾರ್ಸೆಟ್, ಕೈಗವಸು ತೊಟ್ಟು, ಇಂಗ್ಲೆಂಡಿನ ಗಡಿಯಾರ ಕಟ್ಟಿಕೊಂಡು ಬಂದವರಿಗೆ ಈ ನೆಲ ಅರ್ಥವಾಗಲಿಲ್ಲ ಎಂಬ ಭಯ ಅದರ ಪುಟಪುಟದಲ್ಲಿದೆ. ಲೇಖಕಿ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಹಿತ್ತಲ ಗಿಡ
ನಾನು ಕಥೆ ಬರೆಯುತ್ತೇನೆ, ಒಂದು ಪತ್ರಿಕೆಗೆ ಬರುವ ಕಥೆಗಳನ್ನು ತಿದ್ದುವ ಕೆಲಸವನ್ನೂ ಮಾಡುತ್ತೇನೆ. ಶಾಲ್ಮಲಾ ಅವರ ಪ್ರಶ್ನೆಗೆ ಮರಳೋಣ.

ಈ ಪುಸ್ತಕದ ಅತ್ಯುತ್ತಮ ಕನಸು ಬಂಡೆಯ ಮೇಲೆ ಇಲ್ಲ, ಆಲ್ಬರ್ಟ್ ಎಂಬ ಕುದುರೆ ಲಾಯದ ಹುಡುಗನ ಕೋಣೆಯಲ್ಲಿದೆ. ಅನಾಥಾಲಯದಲ್ಲಿ ಬೆಳೆದವನು ಅವನು. ಅಲ್ಲಿ ಬಿಟ್ಟುಬಂದ ತಂಗಿ ಎಲ್ಲಿದ್ದಾಳೋ ಗೊತ್ತಿಲ್ಲ. ಒಂದು ರಾತ್ರಿ ಕನಸಿನಲ್ಲಿ ಅವನಿಗೆ ಪ್ಯಾನ್ಸಿ ಹೂವಿನ ವಾಸನೆ ಬರುತ್ತದೆ, ಮಂಚದ ಕಾಲಬದಿಯಲ್ಲಿ ತಂಗಿ ನಿಂತು ಹೋಗಿಬರುತ್ತೇನೆ ಎನ್ನುತ್ತಾಳೆ. ಮರುದಿನ ಅವನು ಅದನ್ನು ಗೆಳೆಯನಿಗೆ ಹೇಳಿ ಅಲ್ಲಿಗೇ ಬಿಡುತ್ತಾನೆ. ಆ ತಂಗಿ ಸಾರಾ. ಅದೇ ವಸತಿ ಶಾಲೆಯಲ್ಲಿ, ಕೆಲವೇ ಮೈಲಿ ದೂರದಲ್ಲಿ, ಶುಲ್ಕ ಕಟ್ಟುವವರಿಲ್ಲದೆ ಹಿಂಸೆ ಅನುಭವಿಸುತ್ತಿದ್ದವಳು. ಸತ್ತದ್ದು ಆ ರಾತ್ರಿಯೇ. ಅಣ್ಣನಿಗೆ ತಿಳಿಯಲಿಲ್ಲ, ತಂಗಿಗೂ ತಿಳಿಯಲಿಲ್ಲ, ತಿಳಿದದ್ದು ಓದುವ ನಮಗೆ ಮಾತ್ರ. ಲೇಖಕಿ ಒಂದು ಮಾತನ್ನೂ ಮೇಲೆ ಸೇರಿಸುವುದಿಲ್ಲ. ಇದನ್ನು ಓದಿದ ರಾತ್ರಿ ನಾನು ಮುಂದಿನ ಪುಟ ತಿರುಗಿಸಲಾರದೆ ಪುಸ್ತಕ ಮುಚ್ಚಿಟ್ಟೆ.

ಕನಸನ್ನು ಬರೆಯುವುದು ಹೀಗೆ. ಸುತ್ತ ಎಚ್ಚರದ ಲೋಕ ಗಟ್ಟಿಯಾಗಿರಬೇಕು: ಲಾಯ, ಶುಲ್ಕದ ಬಾಕಿ, ಗೊರಕೆ. ನಡುವೆ ಒಂದು ವಾಸನೆ ತೂರಿ ಬರಬೇಕು. ಹದಿನೆಂಟನೆಯ ಅಧ್ಯಾಯದಲ್ಲಿ ಎಲ್ಲವೂ ಕನಸೇ. ರಂಧ್ರ, ಹಾವು, ಏಡಿ, ತೇಲುವ ಕಾರ್ಸೆಟ್. ಯಾವುದಕ್ಕೂ ಎದುರು ನಿಲ್ಲುವ ಮತ್ತೊಂದಿಲ್ಲ, ಹಾಗಾಗಿ ಯಾವುದೂ ಬೆಚ್ಚಿಬೀಳಿಸುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದದ್ದು ಅದು. ಉಳಿದ ಹದಿನೇಳು ಕಟ್ಟಿದ್ದು. ಕೊನೆಗೆ ಬರುವ 1913ರ ಪತ್ರಿಕಾ ತುಣುಕನ್ನು ನೋಡಿ, ಎಂಥ ಒಣ ಸುದ್ದಿಯ ಭಾಷೆ! ಆ ಒಣ ಭಾಷೆಯಿಂದಲೇ ರಹಸ್ಯ ನಂಬಿಕೆ ಹುಟ್ಟಿಸುತ್ತದೆ.

ಸುಳಿವುಗಳ ಮಾತು. ಮುರಿದ ಉಗುರು, ಗೀರಿಲ್ಲದ ಪಾದ ಉತ್ತರವಿಲ್ಲದೆ ಉಳಿದದ್ದಕ್ಕೇ ಜನ ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. 1980ರಲ್ಲಿ ಇವಾನ್ ರೂಸೋ ಎಂಬ ಲೇಖಕಿ ಇದಕ್ಕೆ ಹಲವು ಪರಿಹಾರಗಳನ್ನು ಹುಡುಕಿ ಇಡೀ ಪುಸ್ತಕವನ್ನೇ ಬರೆದರು. ಉತ್ತರ ಅಚ್ಚಾಗಿದ್ದರೆ ಅಷ್ಟು ಜನ ಅಷ್ಟು ಗಾಢವಾಗಿ ಓದುತ್ತಿದ್ದರೇ?

ಶಾಲ್ಮಲಾ
ಆಲ್ಬರ್ಟ್ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ, ಅದು ನನ್ನನ್ನೂ ಅಳಿಸಿತು. ಆದರೆ ನೀವು ಸಂಪಾದಕಿಯ ಕಣ್ಣಿನಿಂದಲೇ ನೋಡುತ್ತಿದ್ದೀರಿ. ಕಾರ್ಸೆಟ್ ಬಿಚ್ಚಿ ಎಸೆಯುವುದು, ಅದು ಬೀಳದೆ ನಿಲ್ಲುವುದು ನನಗೆ ಇಡೀ ಪುಸ್ತಕದ ಅತ್ಯಂತ ಧೈರ್ಯದ ಚಿತ್ರ. ಉಸಿರುಗಟ್ಟಿಸುವ ಬಟ್ಟೆಯೊಳಗೆ ಬೆಳೆದ ಹುಡುಗಿಯರು ಬಿಡುಗಡೆಯಾದರು, ಸತ್ತದ್ದಲ್ಲ, ದಾಟಿದರು. ಅದನ್ನು ತೆಗೆದುದರಿಂದ ಏನಾಯಿತು? ಲೋಕ ಅವರನ್ನು ಬಲಿಪಶುಗಳು ಎಂದುಕೊಂಡಿತು. ಅತ್ಯಾಚಾರವೋ ಕೊಲೆಯೋ ಎಂದು ಊಹಿಸುತ್ತಾ ಕೂತಿತು. ಎಪ್ಪತ್ತರ ಹರೆಯದ ಹೆಂಗಸೊಬ್ಬಳು ಕಂಡ ಬಿಡುಗಡೆಯ ಕನಸು ಅಪರಾಧದ ಕಥೆಯಾಗಿ ಓದಿಸಿಕೊಂಡಿತು. ಇದು ನಷ್ಟವಲ್ಲವೇ?

ನೇರ ಮಾತು
ಈ ಓದು ನನಗೆ ಹಿಡಿಸಿತು. ಇದನ್ನು ಎಲ್ಲಾದರೂ ವಿವರವಾಗಿ ಬರೆಯಿರಿ.

ಹಿತ್ತಲ ಗಿಡ
ನಷ್ಟ ಹೌದು. ಆದರೆ ಜೋನ್ ತಾವೇ ಒಪ್ಪಿ ತೆಗೆದದ್ದು, ಯಾರೂ ಕಸಿದುಕೊಂಡದ್ದಲ್ಲ. ಆ ಅಧ್ಯಾಯವನ್ನು ಸುಟ್ಟೂ ಹಾಕಲಿಲ್ಲ. ತಮ್ಮ ಸಾಹಿತ್ಯ ಪ್ರತಿನಿಧಿ ಜಾನ್ ಟೇಲರ್ ಕೈಗೆ ಕೊಟ್ಟು, ತಾವು ಹೋದ ಮೇಲೆ ಪ್ರಕಟಿಸಲು ಬಿಟ್ಟರು. ಎರಡೂ ಬಗೆಯ ಓದು ಇರಲಿ ಎಂದು ಅವರೇ ವ್ಯವಸ್ಥೆ ಮಾಡಿ ಹೋದಂತಾಯಿತು.

ಅರಳಿಕಟ್ಟೆ
ಮಾಂಡೂಕ್ಯ ಉಪನಿಷತ್ತಿನಲ್ಲಿ ಜಾಗ್ರತ್, ಸ್ವಪ್ನ, ಸುಷುಪ್ತಿ, ಈ ಮೂರರ ಆಚೆಗಿನ ತುರೀಯ ಎಂದು ನಾಲ್ಕು ಸ್ಥಿತಿ ಹೇಳಿದೆ. ಹುಡುಗಿಯರು ದಾಟಿದ್ದು ತುರೀಯಕ್ಕೆ ಎಂದು ಏಕೆ ಓದಬಾರದು?

ಕಲ್ಲು ಮಣ್ಣು
ಏಕೆಂದರೆ ಅವರು ಏಡಿಯ ಹಿಂದೆ ಬಿಲಕ್ಕೆ ಇಳಿದರು. ತುರೀಯದಲ್ಲಿ ಏಡಿಯೂ ಇಲ್ಲ, ಬಿಲವೂ ಇಲ್ಲ. ಸಿನಿಮಾ ಶುರುವಾಗುವುದು ಎಡ್ಗರ್ ಆಲನ್ ಪೋ 1849ರಲ್ಲಿ ಬರೆದ ಕವಿತೆಯ ಸಾಲನ್ನು ತುಸು ಬದಲಿಸಿ: ಕಾಣುವುದೆಲ್ಲ ಕನಸಿನೊಳಗಿನ ಕನಸು. ಅವರಿಗೆ ಹತ್ತಿರದ ಪರಂಪರೆ ಅದು. ನಮ್ಮ ಚೌಕಟ್ಟಿನಲ್ಲಿ ಎಲ್ಲವನ್ನೂ ಕೂರಿಸುವುದು ಬೇಡ.

ಅರಳಿಕಟ್ಟೆ
ಹೋಲಿಸಿ ನೋಡುವುದಕ್ಕೂ ಅಡ್ಡಿಯೇ? ಬೇರೆ ಎಳೆಯಲ್ಲಿ ಇದನ್ನು ಎತ್ತುತ್ತೇನೆ, ಅಲ್ಲಿ ಬನ್ನಿ.

ಓದುಗ 72
ಇಷ್ಟೆಲ್ಲ ಓದಿದ ಮೇಲೆ ಪುಸ್ತಕ ತರಿಸಬೇಕು ಎನ್ನಿಸಿದೆ. ಎಲ್ಲಿಂದ ಶುರುಮಾಡಲಿ? 2018ರಲ್ಲಿ ಬಂದ ಆರು ಕಂತಿನ ಧಾರಾವಾಹಿ ನೋಡಿದರೆ ಸಾಲದೇ?

ಹಳೇ ಟಾಕೀಸು
ಸಾಲದು. ಧಾರಾವಾಹಿ ಮುಖ್ಯೋಪಾಧ್ಯಾಯಿನಿಯ ಹಿಂದಿನ ಬದುಕನ್ನು ಹಿಗ್ಗಿಸುವುದರಲ್ಲೇ ಕಾಲ ಕಳೆಯುತ್ತದೆ. ಪುಸ್ತಕ ಮೊದಲು, ಸಿನಿಮಾ ಆಮೇಲೆ. ಸಿನಿಮಾಕ್ಕೂ ಎರಡು ರೂಪಗಳಿವೆ. 1998ರಲ್ಲಿ ನಿರ್ದೇಶಕರು ಸುಮಾರು ಏಳು ನಿಮಿಷ ಕತ್ತರಿಸಿದ್ದಾರೆ.

ಓದುಗ 72
ಇಲ್ಲೂ ಕತ್ತರಿಯೇ! ಹದಿನೆಂಟನೆಯ ಅಧ್ಯಾಯ?

ಹಿತ್ತಲ ಗಿಡ
ಪುಸ್ತಕ ಮುಗಿಸಿ ಕನಿಷ್ಠ ಒಂದು ವಾರ ಬಿಟ್ಟು ಓದಿ. ಅಷ್ಟರೊಳಗೆ ನಿಮ್ಮದೇ ಉತ್ತರ ಒಂದು ಮೂಡಿರುತ್ತದೆ. ಅದನ್ನು ಇಲ್ಲಿ ಬರೆದ ಮೇಲೆ ಓದಿದರೆ ಇನ್ನೂ ಒಳ್ಳೆಯದು.

ಶಾಲ್ಮಲಾ
ಬೇಡ, ಹದಿನೇಳು ಮುಗಿದ ಕೂಡಲೇ ಹದಿನೆಂಟು ಓದಿ, ಜೋನ್ ಬರೆದ ಕ್ರಮದಲ್ಲಿ. ಆಮೇಲೆ ಯಾರ ಕಡೆ ಎಂದು ಬಂದು ಹೇಳಿ.